ಹಳೆಯ ಬೈಕಿಗೆ ಎಥೆನಾಲ್ ಪೆಟ್ರೋಲು: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ವಾಹನ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಶೇ. 20ರಷ್ಟು ಎಥೆನಾಲ್ ಎಂಬ ಆಲ್ಕೋಹಾಲ್ ಬೆರೆತ ಪೆಟ್ರೋಲು, ಅಂದರೆ ಇ20, ಮನೆಯಲ್ಲಿ ಜೋಪಾನವಾಗಿ ಉಳಿಸಿಕೊಂಡ ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100ಗಳಿಗೆ ಒಗ್ಗುತ್ತದೆಯೇ, ಪೆಟ್ರೋಲಿಗೆ ಬೆರೆಸಲೆಂದು ಅಂಗಡಿಗಳಲ್ಲಿ ಮಾರುವ ಅಡಿಟಿವ್ ದ್ರವದ ಬಾಟಲಿಗಳಿಂದ ರಕ್ಷಣೆ ಸಿಗುತ್ತದೆಯೇ ಎಂಬುದೇ ಬಹುಪಾಲು ಪತ್ರಗಳ ಚಿಂತೆ. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನದು 1980ರ ದಶಕದ ಬುಲೆಟ್ 350. ಇತ್ತೀಚೆಗೆ ಬೆಳಗಿನ ಹೊತ್ತು ಚೋಕ್ ಎಳೆದರೂ ಸುಲಭವಾಗಿ ಹಿಡಿಯುವುದಿಲ್ಲ, ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತದೆ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆ ಹೋದರೆ ಸಮತಟ್ಟು ರಸ್ತೆಯಲ್ಲೂ ಎಂಜಿನ್ ವಿಪರೀತ ಕಾಯುತ್ತದೆ. ಮೆಕ್ಯಾನಿಕ್ ಎಥೆನಾಲ್ ಕಾರಣ ಎನ್ನುತ್ತಾರೆ. ಅಂಗಡಿಯವರು ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಒಂದು ಮುಚ್ಚಳ ಅಡಿಟಿವ್ ಸುರಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಸರಿ? (ವಿರಾಜಪೇಟೆಯ ಓದುಗರು)

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಬಹುಮಟ್ಟಿಗೆ ಸರಿ. ಆದರೆ ಅವರು ಅಷ್ಟಕ್ಕೇ ನಿಲ್ಲದೆ, ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್‌ಗೆ ಕೈ ಹಾಕಬೇಕಿತ್ತು.

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಶೇ. 5ರ ಪ್ರಮಾಣದಿಂದ ಕೆಲವು ರಾಜ್ಯಗಳಲ್ಲಿ ಆರಂಭವಾಯಿತು. 2022ರ ಜೂನ್ ವೇಳೆಗೆ ದೇಶದ ಸರಾಸರಿ ಶೇ. 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಮಾರಾಟಕ್ಕೆ ಚಾಲನೆ ದೊರೆಯಿತು, 2025ರ ವೇಳೆಗೆ ಶೇ. 20ರ ಗುರಿಯೂ ಈಡೇರಿತು. ಎರಡು ದಶಕಗಳ ಕಾಲ ನಿಧಾನವಾಗಿ ನಡೆದ ಬದಲಾವಣೆ ಕೊನೆಯ ಮೂರು ವರ್ಷಗಳಲ್ಲಿ ವೇಗ ಪಡೆದುದರಿಂದ, ಶೇ. 5 ಬೆರೆತಾಗ ಏನನ್ನೂ ಗಮನಿಸದಿದ್ದ ಸವಾರರು ಈಗ ವ್ಯತ್ಯಾಸವನ್ನು ಕಾಣುತ್ತಿದ್ದಾರೆ.

ಆ ವ್ಯತ್ಯಾಸದ ಮೂಲ ಇಷ್ಟೇ. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತುಕೊಂಡಿರುವುದರಿಂದ ಹೀಗೆ. ಎರಡನ್ನೂ ಇ20ರ ಪ್ರಮಾಣದಲ್ಲಿ ಬೆರೆಸಿದಾಗ ಬೇಕಾಗುವ ಗಾಳಿ ಸುಮಾರು 13.5 ಕಿಲೋಗೆ ಇಳಿಯುತ್ತದೆ. ಇಂದಿನ ಫ್ಯುಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಇದನ್ನು ಅರಿತು ಪೆಟ್ರೋಲನ್ನು ಹೆಚ್ಚಿಸುತ್ತದೆ. ನಿಮ್ಮ ಬುಲೆಟ್ಟಿನ ಕಾರ್ಬುರೇಟರ್‌ಗೆ ಆ ಅರಿವಿಲ್ಲ, ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಎಂಬ ಪುಟ್ಟ ಬಿಡಿಭಾಗದ ತೂತು ಎಷ್ಟಿದೆಯೋ ಅಷ್ಟನ್ನೇ ಅದು ಕೊಡುತ್ತದೆ. ಪರಿಣಾಮವಾಗಿ ಶುದ್ಧ ಪೆಟ್ರೋಲಿಗೆ ಹೊಂದಿಸಿದ್ದ ಎಂಜಿನ್ ಇ20ರಲ್ಲಿ ಸುಮಾರು ಶೇ. 8ರಷ್ಟು ತೆಳುವಾದ, ಅಂದರೆ ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾದ ಮಿಶ್ರಣದಲ್ಲಿ ಓಡುತ್ತದೆ. ತಣ್ಣಗಿರುವಾಗ ಹಿಡಿಯದಿರುವುದು, ಥ್ರಾಟಲ್ ಬಿಟ್ಟಾಗಿನ ಸದ್ದು, ಅತಿಯಾದ ಕಾವು, ಈ ಮೂರೂ ತೆಳು ಮಿಶ್ರಣದ ಲಕ್ಷಣಗಳೇ.

ಘಾಟಿ ಇಳಿದ ಮೇಲೆ ತೊಂದರೆ ಹೆಚ್ಚುವುದಕ್ಕೂ ಕಾರಣವಿದೆ, ಮತ್ತು ಅದು ಮಲೆನಾಡಿನವರೆಲ್ಲ ತಿಳಿದಿರಬೇಕಾದ ಸಂಗತಿ. ವಿರಾಜಪೇಟೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ. 8ರಷ್ಟು ವಿರಳವಾಗಿರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತಾನಾಗಿಯೇ ಶೇ. 4ರಷ್ಟು ಗಾಢವಾಗುತ್ತದೆ. 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಇದು ಇನ್ನೂ ಸ್ವಲ್ಪ ಹೆಚ್ಚು. ಎಥೆನಾಲ್ ತೆಳುವಾಗಿಸಿದ್ದರಲ್ಲಿ ಅರ್ಧದಷ್ಟನ್ನು ಎತ್ತರ ಸರಿದೂಗಿಸುತ್ತಿದೆ ಎಂದಾಯಿತು. ಮಾಕುಟ್ಟವಾಗಲಿ ಸಂಪಾಜೆಯಾಗಲಿ ಇಳಿದೊಡನೆ ಆ ನೆರವು ತಪ್ಪಿಹೋಗುತ್ತದೆ, ಬಯಲಿನ ಸೆಕೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಮಡಿಕೇರಿಯಿಂದ ಮಂಗಳೂರಿಗೆ ಅಥವಾ ವಿರಾಜಪೇಟೆಯಿಂದ ಕಣ್ಣೂರಿಗೆ ಆಗಾಗ ಹೋಗುವವರು ಊರಿನಲ್ಲಿ ಚೆನ್ನಾಗಿ ಓಡುವುದನ್ನಷ್ಟೇ ನೋಡಿ ಟ್ಯೂನಿಂಗ್ ಮುಗಿಯಿತೆಂದು ಭಾವಿಸಬಾರದು.

ಮೊದಲು ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಿಸಿ, ಏಕೆಂದರೆ ಹಳೆಯ ಗ್ಯಾಸ್ಕೆಟ್ಟಿನ ಸೋರಿಕೆಯೂ ಇದೇ ಲಕ್ಷಣಗಳನ್ನು ತೋರಿಸುತ್ತದೆ. ಅದು ಸರಿಯಿದ್ದರೆ ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿ, ಥ್ರಾಟಲ್ ಜೊತೆ ಏರಿಳಿದು ಪೆಟ್ರೋಲನ್ನು ನಿಯಂತ್ರಿಸುವ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಇಳಿಸಿ ಸೂಜಿ ಮೇಲೇಳುವಂತೆ ಮಾಡಿಸಿ. ಮಿಕ್‌ಕಾರ್ಬ್ ಮಾದರಿಯ ಕಾರ್ಬುರೇಟರ್‌ಗಳಲ್ಲಿ ಪಕ್ಕದ ಏರ್ ಸ್ಕ್ರೂ ಒಳಕ್ಕೆ ತಿರುಗಿಸಿದಷ್ಟೂ ನಿಧಾನಗತಿಯ ಮಿಶ್ರಣ ಗಾಢವಾಗುತ್ತದೆ. ಎಥೆನಾಲ್ ಪೆಟ್ರೋಲಿನಲ್ಲಿ ಪ್ಲಗ್ಗಿನ ಬಣ್ಣ ಸಾಮಾನ್ಯಕ್ಕಿಂತ ತಿಳಿಯಾಗಿ ಕಾಣುವುದರಿಂದ ಬಣ್ಣವೊಂದನ್ನೇ ನೆಚ್ಚಿ ಜೆಟ್ ಹಿಗ್ಗಿಸುತ್ತಾ ಹೋಗಬೇಡಿ. ಏರು ರಸ್ತೆಯಲ್ಲಿ ಎಳೆತ ಹೇಗಿದೆ, ಎಂಜಿನ್ ತಣ್ಣಗಿರುವಾಗ ಹೇಗೆ ಹಿಡಿಯುತ್ತದೆ ಎಂಬುದನ್ನೂ ಜೊತೆಗೆ ನೋಡಿ.

ಮೈಲೇಜಿನ ಮಾತು ಹಲವು ಪತ್ರಗಳಲ್ಲಿದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ, ಹಾಗಾಗಿ ಇ20ರಲ್ಲಿ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿ ಶುದ್ಧ ಪೆಟ್ರೋಲಿಗಾಗಿ ರೂಪಿಸಿ ಇ10ಕ್ಕೆ (ಶೇ. 10 ಎಥೆನಾಲ್) ಹೊಂದಿಸಿದ ದ್ವಿಚಕ್ರ ವಾಹನಗಳಿಗೆ ಶೇ. 3ರಿಂದ 4ರಷ್ಟು ನಷ್ಟವಾಗಬಹುದೆಂದು ಅಂದಾಜಿಸಿತ್ತು. ನಿಮ್ಮ ಬೈಕಿನ ಮೈಲೇಜು ಶೇ. 20 ಅಥವಾ 30ರಷ್ಟು ಬಿದ್ದಿದ್ದರೆ ಬ್ರೇಕು ಹಿಡಿದುಕೊಂಡಿದೆಯೇ, ಕ್ಲಚ್ ಜಾರುತ್ತಿದೆಯೇ ಎಂದೂ ಪರೀಕ್ಷಿಸಬೇಕು.

ಅಂಗಡಿಯವರ ಮುಚ್ಚಳದಷ್ಟು ಅಡಿಟಿವ್ ಈ ಲೆಕ್ಕದಲ್ಲಿ ಏನನ್ನೂ ಬದಲಿಸುವುದಿಲ್ಲ. ಅದು ಎಥೆನಾಲನ್ನು ತೆಗೆಯುವುದಿಲ್ಲ, ಜೆಟ್ಟಿನ ತೂತನ್ನು ಹಿಗ್ಗಿಸುವುದೂ ಇಲ್ಲ.

ಪ್ರಶ್ನೆ: ಹಾಗಾದರೆ ಈ ಬಾಟಲಿಗಳಲ್ಲಿ ಇರುವುದಾದರೂ ಏನು? ಯಾವುದಾದರೂ ಒಂದು ಕೊಳ್ಳಲು ಯೋಗ್ಯವೇ? (ಸೋಮವಾರಪೇಟೆಯ ಓದುಗರು)

ಎಲ್ಲವೂ ಅಡಿಟಿವ್ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾದರೂ ಒಳಗಿನ ವಸ್ತುಗಳು ಬೇರೆ ಬೇರೆ. ಮೊದಲನೆಯದು ಶುಚಿಕಾರಕ, ಇವುಗಳಲ್ಲಿ ಪಾಲಿಈಥರ್ ಅಮೈನ್ ಎಂಬ ವಸ್ತುವಿರುವಂಥವು ಒಳ್ಳೆಯವು. ಇಂಜೆಕ್ಟರ್ ಮತ್ತು ವಾಲ್ವುಗಳ ಮೇಲಿನ ಕಿಟ್ಟವನ್ನು ನಿಧಾನವಾಗಿ ಕರಗಿಸುವ ಶಕ್ತಿ ಅದಕ್ಕಿದೆ. ಆದರೆ ಕಾರ್ಬುರೇಟರ್‌ನ ಸಣ್ಣ ಜೆಟ್ಟಿನಲ್ಲಿ ಪೆಟ್ರೋಲು ಒಣಗಿ ಅಂಟಾಗಿ ಕೂತಿದ್ದರೆ ಬಿಚ್ಚಿ ಕೈಯಾರೆ ತೊಳೆಯುವುದೇ ದಾರಿ, ಏಕೆಂದರೆ ಮುಚ್ಚಿಹೋದ ತೂತಿನ ಮೂಲಕ ಔಷಧಿಯೂ ಹರಿಯದು.

ಆಕ್ಟೇನ್ (ಒತ್ತಡಕ್ಕೆ ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳದಿರುವ ಗುಣ) ಹೆಚ್ಚಿಸುವ ಬಾಟಲಿ ಹಳೆಯ ಬೈಕಿಗೆ ಸಂಪೂರ್ಣ ವ್ಯರ್ಥ. ಹಳೆಯ ಬುಲೆಟ್ಟಿನಂತಹ ಕಡಿಮೆ ಕಂಪ್ರೆಷನ್ನಿನ ಎಂಜಿನ್ನಿಗೆ ಸಾಮಾನ್ಯ ಪೆಟ್ರೋಲಿನ ಆಕ್ಟೇನೇ ಅಗತ್ಯಕ್ಕಿಂತ ಹೆಚ್ಚು, ಎಥೆನಾಲ್ ಸ್ವತಃ ಆಕ್ಟೇನನ್ನು ಏರಿಸುವ ವಸ್ತು ಬೇರೆ. ಮ್ಯಾಂಗನೀಸ್ ಇರುವ ಬೂಸ್ಟರ್‌ಗಳು ಪ್ಲಗ್ಗಿನ ಮೇಲೆ ಕೆಂಪು ಛಾಯೆಯ ಪದರವನ್ನೂ ಬಿಡುತ್ತವೆ. ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಬದಲಿಗೆ ಎಂದು ಮಾರುವ ದ್ರವವೂ ಬೇಡ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ ಇದೆ, ನಮ್ಮ ಹಳೆಯ ಬೈಕುಗಳು ಅದರಲ್ಲೇ ಇಷ್ಟು ವರ್ಷ ಓಡಿವೆ. ಟ್ಯಾಂಕಿನ ನೀರು ತೆಗೆಯುವುದೆಂದು ಮಾರುವ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಈಗಾಗಲೇ ಐದರಲ್ಲಿ ಒಂದು ಪಾಲು ಆಲ್ಕೋಹಾಲ್ ಇರುವ ಪೆಟ್ರೋಲಿಗೆ ಇನ್ನಷ್ಟು ಆಲ್ಕೋಹಾಲ್ ಸೇರಿಸಿ ಪಡೆಯುವುದೇನೂ ಇಲ್ಲ.

ಉಳಿಯುವುದು ಒಂದು: ಬಹುಕಾಲ ನಿಲ್ಲಿಸುವ ಬೈಕಿಗೆ ಹಾಕುವ ಸ್ಟೆಬಿಲೈಸರ್. ಪೆಟ್ರೋಲು ಗಾಳಿಯೊಡನೆ ಸೇರಿ ಅಂಟಾಗುವುದನ್ನು ತಡೆಯುವ ವಸ್ತುವಿನ ಜೊತೆ ಲೋಹವನ್ನು ತುಕ್ಕಿನಿಂದ ಕಾಯುವ ವಸ್ತುವೂ ಅದರಲ್ಲಿದೆ ಎಂದು ಬಾಟಲಿಯ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಅದನ್ನು ಕೊಳ್ಳಬಹುದು. ಅದನ್ನು ತಾಜಾ ಪೆಟ್ರೋಲಿಗೇ ಸೇರಿಸಬೇಕು, ಹಳಸಿದ ಪೆಟ್ರೋಲನ್ನು ಅದು ಮತ್ತೆ ಹೊಸದಾಗಿಸುವುದಿಲ್ಲ. ದಿನವೂ ಓಡಿಸುವ ಬೈಕಿಗೆ ಅದೂ ಬೇಕಾಗಿಲ್ಲ.

ನುಸಿಗುಳಿಗೆಯನ್ನು ಪೆಟ್ರೋಲಿನಲ್ಲಿ ಕರಗಿಸುವ ಅಭ್ಯಾಸದ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ದಯವಿಟ್ಟು ಮಾಡಬೇಡಿ. ತಂಪಿನಲ್ಲಿ ಅದು ಮತ್ತೆ ಹರಳುಗಟ್ಟಿ ಜೆಟ್ಟನ್ನು ಕಟ್ಟಬಹುದು.

ಪ್ರಶ್ನೆ: ಅಡಿಟಿವ್ ಬೇಡವೆಂದಾದರೆ ಹಳೆಯ ಬೈಕಿನಲ್ಲಿ ಯಾವ ಭಾಗಗಳನ್ನು ಬದಲಿಸಬೇಕು? (ಮಡಿಕೇರಿಯ ಓದುಗರು)

ಬಾಟಲಿಗಳಿಗೆ ವರ್ಷವಿಡೀ ಸುರಿಯುವ ಹಣವನ್ನು ಒಂದೇ ಸಲ ಇಲ್ಲಿ ಖರ್ಚು ಮಾಡಿ ಎಂಬುದು ನನ್ನ ಬಲವಾದ ಸಲಹೆ. ಕೇಂದ್ರ ಪೆಟ್ರೋಲಿಯಂ ಸಚಿವಾಲಯವೂ 2025ರ ಆಗಸ್ಟ್‌ನಲ್ಲಿ ನೀಡಿದ ಸ್ಪಷ್ಟನೆಯಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದೆಂದು ಹೇಳಿತ್ತು. ನಲವತ್ತು ವರ್ಷದ ಬೈಕಿನಲ್ಲಿ ರಬ್ಬರು ಮೊದಲೇ ಹಣ್ಣಾಗಿರುವುದರಿಂದ ಅಷ್ಟು ಕಾಯುವುದು ಸಲ್ಲದು.

ಟ್ಯಾಂಕಿನಿಂದ ಕೆಳಮುಖವಾಗಿ ಬನ್ನಿ. ಮುಚ್ಚಳದ ವಾಷರ್, ಪೆಟ್ರೋಲ್ ಕಾಕ್‌ನೊಳಗಿನ ಸೀಲ್, ಪೈಪು, ಫ್ಲೋಟ್ ಸೂಜಿಯ ರಬ್ಬರ್ ತುದಿ, ಕಾರ್ಬುರೇಟರ್ ತಳದಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲಿನ ಗ್ಯಾಸ್ಕೆಟ್, ಇವೆಲ್ಲವೂ ಎಥೆನಾಲ್ ಸೋಕುವ ಭಾಗಗಳು. ಹಳೆಯ ಕಾಕ್‌ಗಳ ಕಾರ್ಕ್ ಸೀಲ್ ಎಥೆನಾಲಿನಲ್ಲಿ ಬೇಗ ಹದಗೆಡುತ್ತದೆ, ಸಾಮಾನ್ಯ ರಬ್ಬರು ಉಬ್ಬಿ ಆಮೇಲೆ ಬಿರಿಯುತ್ತದೆ. ಫ್ಲೂರೋ ರಬ್ಬರ್ ಅಥವಾ ವೈಟಾನ್ ಎಂದು ಕೇಳಿ ಪಡೆಯುವ ಸೀಲುಗಳು ಎಥೆನಾಲನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಪೈಪು ಕೊಳ್ಳುವಾಗ ಪಾರದರ್ಶಕವಾದ ಅಗ್ಗದ ಪ್ಲಾಸ್ಟಿಕ್ ಬೇಡ. ಅದು ಕೆಲವೇ ತಿಂಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕಾಕ್‌ನ ಬಳಿ ಸೀಳುತ್ತದೆ, ಸೋರಿದ ಪೆಟ್ರೋಲು ಬೀಳುವುದು ನೇರವಾಗಿ ಬಿಸಿ ಎಂಜಿನ್ನಿನ ಮೇಲೆ. ಈ ಒಂದು ಭಾಗದ ವಿಷಯದಲ್ಲಿ ಉಳಿತಾಯದ ಯೋಚನೆಯೇ ಬೇಡವೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಟ್ಯಾಂಕಿನ ಗೋಡೆಯಲ್ಲಿ ಕೂತ ಅಂಟನ್ನು ಎಥೆನಾಲ್ ಬಿಡಿಸಿ ಹೊರತರುತ್ತದೆ, ಆದ್ದರಿಂದ ಮೊದಲ ಕೆಲವು ಟ್ಯಾಂಕುಗಳ ತನಕ ಫಿಲ್ಟರನ್ನು ಪದೇ ಪದೇ ನೋಡಿ. ತುಕ್ಕು ತಡೆಯಲು ಹಿಂದೆ ಯಾರೋ ಒಳಬದಿಗೆ ಲೇಪ ಹಾಕಿಸಿದ್ದರೆ ಅದು ಹಕ್ಕಳೆಯಾಗಿ ಎದ್ದು ಬರಬಹುದು. ಫೈಬರ್‌ಗ್ಲಾಸಿನಲ್ಲಿ ಮಾಡಿಸಿದ ಅಲಂಕಾರದ ಟ್ಯಾಂಕುಗಳ ರಾಳವೇ ಮೆತ್ತಗಾಗಿ ಕರಗುವ ಸಂಭವವಿರುವುದರಿಂದ ಅಂಥವನ್ನು ಬಿಟ್ಟು ಕಬ್ಬಿಣದ ಟ್ಯಾಂಕಿಗೆ ಮರಳಿ. ಫ್ಲೋಟ್ ಬೌಲಿನಲ್ಲಿ ಬಿಳಿ ಹಿಟ್ಟಿನಂತಹ ಪದರ ಕಂಡರೆ ಕಾರ್ಬುರೇಟರ್‌ನ ಸತು ಮಿಶ್ರಲೋಹವನ್ನು ನೀರು ಕೊರೆಯುತ್ತಿದೆ ಎಂದು ತಿಳಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಬೈಕನ್ನು ಹೊರತೆಗೆಯುವುದಿಲ್ಲ. ಕಕ್ಕಡ (ಕೊಡಗಿನ ಮಳೆಗಾಲದ ತಿಂಗಳು) ಕಳೆದು ಕೈಲ್‌ಮುಹೂರ್ತ ಹಬ್ಬದ ಹೊತ್ತಿಗೆ ಕಿಕ್ ಹೊಡೆದರೆ ಉಸಿರೇ ಇಲ್ಲ. ಬಿಚ್ಚಿ ನೋಡಿದಾಗ ಕಾರ್ಬುರೇಟರ್‌ನಲ್ಲಿ ನೀರಿತ್ತು. ಎಥೆನಾಲ್ ನೀರಾಗುತ್ತದೆಯೇ? (ಭಾಗಮಂಡಲದ ಓದುಗರು)

ಎಥೆನಾಲ್ ನೀರಾಗುವುದಿಲ್ಲ, ನೀರನ್ನು ತನ್ನೊಡನೆ ಸೇರಿಸಿಕೊಳ್ಳುತ್ತದೆ. ಶುದ್ಧ ಪೆಟ್ರೋಲಿಗೆ ಬಿದ್ದ ನೀರು ಕೂಡಲೇ ತಳಕ್ಕೆ ಹೋಗಿ ಕೂರುತ್ತಿತ್ತು. ಎಥೆನಾಲ್ ಇರುವ ಪೆಟ್ರೋಲು ಒಂದು ಮಿತಿಯವರೆಗೆ ನೀರನ್ನು ಕರಗಿಸಿ ಹಿಡಿದಿಡುತ್ತದೆ. ಇ10ರಲ್ಲಿ ಆ ಮಿತಿ ಸುಮಾರು ಶೇ. 0.5, ಅಂದರೆ 10 ಲೀಟರಿಗೆ 50 ಮಿಲಿಲೀಟರ್, ಇ20ರಲ್ಲಿ ಇನ್ನೂ ಹೆಚ್ಚು. ಮಿತಿ ದಾಟಿದಾಗ ನೀರು ತಾನೊಂದೇ ಬೇರೆಯಾಗದೆ ಎಥೆನಾಲಿನ ಬಹುಭಾಗವನ್ನೂ ಎಳೆದುಕೊಂಡು ತಳಕ್ಕಿಳಿಯುತ್ತದೆ. ಆ ಕೆಳಪದರದಲ್ಲಿ ಎಂಜಿನ್ ಸರಿಯಾಗಿ ಓಡುವುದಿಲ್ಲ, ಅದು ಲೋಹವನ್ನು ಕೊರೆಯುತ್ತದೆ, ಮತ್ತು ಕಾಕ್‌ಗೆ ಮೊದಲು ಸಿಗುವುದು ಅದೇ. ಉಷ್ಣತೆ ಇಳಿದಷ್ಟೂ ಈ ಮಿತಿ ಕುಗ್ಗುವುದರಿಂದ ಹಗಲು ತಿಳಿಯಾಗಿದ್ದ ಪೆಟ್ರೋಲು ರಾತ್ರಿಯ ತಂಪಿಗೆ ಬೇರ್ಪಡುವುದುಂಟು.

ಗಾಳಿಯ ತೇವದಿಂದಲೇ ಟ್ಯಾಂಕಿನಲ್ಲಿ ಇಷ್ಟು ನೀರು ಸೇರಲು ಬಹಳ ಕಾಲ ಬೇಕು. ಭಾಗಮಂಡಲದಂತಹ ಮಳೆಯ ಊರಿನಲ್ಲಿ ನಾನು ಮೊದಲು ಸಂಶಯಪಡುವುದು ಟ್ಯಾಂಕಿನ ಮುಚ್ಚಳವನ್ನು. ವಾಷರ್ ಗಟ್ಟಿಯಾಗಿದ್ದರೆ, ಬೈಕು ನಿಂತ ಕೊಟ್ಟಿಗೆಗೆ ಎರಚಲು ಹೊಡೆಯುತ್ತಿದ್ದರೆ, ಮುಚ್ಚಳದ ಸುತ್ತ ನಿಂತ ನೀರು ಹನಿಹನಿಯಾಗಿ ಒಳಗಿಳಿಯುತ್ತದೆ.

ಜೂನ್ ಮಳೆ ಹಿಡಿಯುವ ಮೊದಲು ಎರಡರಲ್ಲಿ ಒಂದು ದಾರಿ ಆರಿಸಿಕೊಳ್ಳಿ. ತಾಜಾ ಪೆಟ್ರೋಲಿಗೆ ಸ್ಟೆಬಿಲೈಸರ್ ಬೆರೆಸಿ ಟ್ಯಾಂಕನ್ನು ಕುತ್ತಿಗೆಯ ಸಮೀಪದವರೆಗೆ ತುಂಬಿಸಿ, ಕೆಲವು ನಿಮಿಷ ಎಂಜಿನ್ ಓಡಿಸಿ, ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಟ್ಟು, ಫ್ಲೋಟ್ ಬೌಲಿನಲ್ಲಿ ಉಳಿದದ್ದನ್ನು ಕೆಳಗಿನ ಸ್ಕ್ರೂ ತೆಗೆದು ಹರಿಸಿಬಿಡಿ. ಇಲ್ಲವಾದರೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ಒಣಗಿಸಿ ಒಳಗೆಲ್ಲ ತೆಳುವಾಗಿ ಎಂಜಿನ್ ಆಯಿಲ್ ಹರಡುವಂತೆ ಮಾಡಿ. ಅರ್ಧ ತುಂಬಿದ ಟ್ಯಾಂಕು ಎರಡಕ್ಕಿಂತಲೂ ಕೆಟ್ಟದ್ದು, ಖಾಲಿ ಜಾಗದ ತೇವದ ಗಾಳಿ ಕಬ್ಬಿಣದ ಮೇಲೆ ಬೆವರಾಗಿ ನಿಲ್ಲುತ್ತದೆ. ವಾರಕ್ಕೊಮ್ಮೆ ಕೊಟ್ಟಿಗೆಯಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ರೂಢಿಯನ್ನು ಬಿಡಿ. ಎಂಜಿನ್ ಪೂರ್ತಿ ಕಾಯದೆ ನಿಂತರೆ ಉರಿದಾಗ ಹುಟ್ಟಿದ ನೀರು ಸೈಲೆನ್ಸರ್ ಮತ್ತು ಆಯಿಲ್‌ನಲ್ಲೇ ಉಳಿಯುತ್ತದೆ. ಹೊರತೆಗೆದರೆ ಅರ್ಧ ಗಂಟೆಯಾದರೂ ಓಡಿಸಿ.

ಈಗಾಗಲೇ ಪದರ ಬೇರ್ಪಟ್ಟಿದ್ದರೆ ಹೊಸ ಪೆಟ್ರೋಲು ಸುರಿದು ಅಲ್ಲಾಡಿಸಿ ಸರಿಪಡಿಸಲು ಹೋಗಬೇಡಿ. ಪೂರ್ತಿ ಹರಿಸಿ ತೆಗೆಯಿರಿ, ತೆಗೆದದ್ದನ್ನು ತೋಡಿಗಾಗಲಿ ಗದ್ದೆಯ ಅಂಚಿಗಾಗಲಿ ಚೆಲ್ಲಬೇಡಿ.

ಪ್ರಶ್ನೆ: ಯೆಜ್ಡಿ ಮತ್ತು ತೋಟದ ಕಳೆ ಕೊಚ್ಚುವ ಯಂತ್ರ, ಎರಡಕ್ಕೂ ಒಂದೇ ಕ್ಯಾನಿನಲ್ಲಿ ಪೆಟ್ರೋಲು ಮತ್ತು ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ 2ಟಿ ಆಯಿಲ್ ಬೆರೆಸಿ ಇಡುತ್ತೇವೆ. ಎಥೆನಾಲ್ ಇರುವುದರಿಂದ ಆಯಿಲ್ ಹೆಚ್ಚಿಸಬೇಕೆ? (ಗೋಣಿಕೊಪ್ಪದ ಓದುಗರು)

ಹೆಚ್ಚಿಸಬೇಡಿ. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಹರಿಯುವ ಪೆಟ್ರೋಲಿನ ಪಾಲು ಕಡಿಮೆಯಾಗಿ, ಎಥೆನಾಲಿನಿಂದ ತೆಳುವಾದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ತಯಾರಕರು ಹೇಳಿದ ಅನುಪಾತವನ್ನೇ ಉಳಿಸಿಕೊಂಡು ಜೆಟ್ ಸರಿಪಡಿಸಿ. ಎರಡು ಯಂತ್ರಗಳ ಅನುಪಾತ ಒಂದೇ ಆಗಿರಬೇಕೆಂದಿಲ್ಲ, ಹಾಗಾಗಿ ಕ್ಯಾನುಗಳೂ ಬೇರೆಯಿರಲಿ.

ನಿಮ್ಮ ನಿಜವಾದ ಅಪಾಯ ಬೆರೆಸಿಟ್ಟ ಕ್ಯಾನಿನಲ್ಲಿದೆ. ತೋಟದಲ್ಲಿ ಮುಚ್ಚಳ ಸಡಿಲವಾದ ಕ್ಯಾನಿಗೆ ಮಳೆನೀರು ಸೇರಿ ಪದರ ಬೇರ್ಪಟ್ಟರೆ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ತಳದ ನೀರು ಮತ್ತು ಎಥೆನಾಲಿನಲ್ಲಿ ಆಯಿಲ್ ಇರುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ ಮತ್ತು ಬೇರಿಂಗುಗಳಿಗೆ ಪೆಟ್ರೋಲಿನೊಡನೆ ಬರುವ ಆಯಿಲ್ ಬಿಟ್ಟರೆ ಬೇರೆ ಜಿಡ್ಡಿಲ್ಲ, ಆದ್ದರಿಂದ ಆ ಕೆಳಪದರ ಒಳಹೊಕ್ಕು ಎಂಜಿನ್ ಓಡುತ್ತಲೇ ಇದ್ದರೆ ಪಿಸ್ಟನ್ ಸೀಝ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಕಾಲದ ಮೂಲ ಸಿಲಿಂಡರ್ ಒಂದು ಹಾಳಾದರೆ ಅದರ ಜೊತೆ ಕಾಣೆಯಾಗುವುದು ಮತ್ತೆ ತಯಾರಾಗದ ವಸ್ತು. ಆ ದಿನಕ್ಕೆ ಬೇಕಾದಷ್ಟನ್ನೇ ಬೆರೆಸಿ, ಪಾರದರ್ಶಕ ಬಾಟಲಿಗೆ ಸ್ವಲ್ಪ ಹಾಕಿ ತಳ ನೋಡಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ. ಕಳೆ ಯಂತ್ರಗಳ ಕೈಪಿಡಿಗಳಲ್ಲಿ ಹಲವು ಎಥೆನಾಲಿಗೆ ಶೇ. 10ರ ಮಿತಿ ಹೇಳುತ್ತವೆ, ನಿಮ್ಮದನ್ನು ಓದಿ ನೋಡಿ. ಕೆಲಸ ಮುಗಿದ ದಿನ ಆ ಯಂತ್ರದ ಟ್ಯಾಂಕನ್ನು ಬರಿದು ಮಾಡಿಯೇ ಒಳಗಿಡಿ.

ಪ್ರಶ್ನೆ: ಪೆಟ್ರೋಲಿಗೆ ನೀರು ಬೆರೆಸಿ ಎಥೆನಾಲನ್ನು ಬೇರ್ಪಡಿಸಿ, ಮೇಲಿನ ಪೆಟ್ರೋಲನ್ನು ಬಳಸಬಹುದೆಂದು ಒಂದು ವಿಡಿಯೊದಲ್ಲಿ ನೋಡಿದೆ. ಮಾಡಬಹುದೇ? (ಕುಶಾಲನಗರದ ಓದುಗರು)

ಅಳೆಯುವುದಕ್ಕೆ ಮಾಡಬಹುದು, ಓಡಿಸುವುದಕ್ಕೆ ಬೇಡ. 100 ಮಿಲಿಲೀಟರಿನ ಗಾಜಿನ ಅಳತೆ ಕೊಳವೆಯಲ್ಲಿ 80 ಮಿಲಿಲೀಟರ್ ಪೆಟ್ರೋಲು, 20 ಮಿಲಿಲೀಟರ್ ನೀರು ಹಾಕಿ ಅಲ್ಲಾಡಿಸಿ ಇಟ್ಟರೆ, ಇ20 ಆಗಿದ್ದಲ್ಲಿ ಕೆಳಪದರ ಸುಮಾರು 36 ಮಿಲಿಲೀಟರಿಗೆ ಏರಿ ನಿಲ್ಲುತ್ತದೆ. ಇದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಿ. ಆದರೆ ಆಕ್ಟೇನಿನ ಒಂದಂಶವನ್ನು ಎಥೆನಾಲಿನಿಂದ ಪಡೆಯುವಂತೆ ತಯಾರಿಸಿದ ಪೆಟ್ರೋಲಿನಿಂದ ಅದನ್ನು ಕಿತ್ತರೆ ಉಳಿಯುವುದು ಕಡಿಮೆ ಆಕ್ಟೇನಿನ, ನೀರಿನ ಅಂಶ ಹೊತ್ತ ಪೆಟ್ರೋಲು. ಮನೆಯಲ್ಲಿ ಲೀಟರುಗಟ್ಟಲೆ ಪೆಟ್ರೋಲು ತೊಳೆಯುವುದು ಬೆಂಕಿ ಅನಾಹುತಕ್ಕೆ ಆಹ್ವಾನ ಕೂಡ.

ಪ್ರಶ್ನೆ: ದುಬಾರಿ ಪ್ರೀಮಿಯಂ ಪೆಟ್ರೋಲು ಹಾಕಿಸಿದರೆ ಎಥೆನಾಲಿನಿಂದ ಪಾರಾಗಬಹುದೇ? ಮಳೆಗಾಲದಲ್ಲಿ ಬಂಕಿನ ಪೆಟ್ರೋಲಿನಲ್ಲೇ ನೀರಿದೆಯೆಂಬ ಅನುಮಾನ ಬಂದರೆ ಏನು ಮಾಡಬೇಕು? (ಸಿದ್ದಾಪುರದ ಓದುಗರು)

ಪ್ರೀಮಿಯಂ ಎಂಬ ಹೆಸರು ಎಥೆನಾಲ್ ಇಲ್ಲವೆಂಬುದರ ಖಾತರಿಯಲ್ಲ. 95 ಆಕ್ಟೇನಿನ ಪೆಟ್ರೋಲಿನಲ್ಲೂ ಎಥೆನಾಲ್ ಇರಬಹುದು, ಮತ್ತು ಹೆಚ್ಚಿನ ಆಕ್ಟೇನಿನಿಂದ ಹಳೆಯ ಎಂಜಿನ್ನಿಗೆ ಲಾಭವಿಲ್ಲವೆಂದು ಮೇಲೆಯೇ ಹೇಳಿದ್ದೇನೆ.

ಬಂಕಿನ ಪೆಟ್ರೋಲಿನ ಬಗ್ಗೆ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು ಸಾಂದ್ರತೆಯ ಪರೀಕ್ಷೆಯನ್ನು ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಆದರೆ ಫಿಲ್ಟರ್ ಪೇಪರ್ ಹೇಳುವುದು ಕಲಬೆರಕೆ ಕಾಗದದ ಮೇಲೆ ಉಳಿಸುವ ಕಲೆಯ ಬಗ್ಗೆ. ನೀರಿಗೆ ಬೇಕಾದದ್ದು ನೆಲದಡಿಯ ಟ್ಯಾಂಕಿಗೆ ಇಳಿಸುವ ಅಳತೆ ಕೋಲಿನ ತುದಿಗೆ ಹಚ್ಚುವ, ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟು. ಎಥೆನಾಲ್ ಇರುವ ಪೆಟ್ರೋಲಿಗೆಂದೇ ತಯಾರಾದ ಪೇಸ್ಟನ್ನೇ ಬಳಸುತ್ತಾರೆಯೇ ಎಂದು ವಿಚಾರಿಸಿ. ಭಾರಿ ಮಳೆ ಸುರಿದ ಮರುದಿನ ಪೆಟ್ರೋಲು ಹಾಕಿಸಿಕೊಂಡು ಸ್ವಲ್ಪ ದೂರದಲ್ಲೇ ಬೈಕು ನಿಂತರೆ ಮತ್ತೆ ಮತ್ತೆ ಕಿಕ್ ಹೊಡೆಯಬೇಡಿ. ಫ್ಲೋಟ್ ಬೌಲಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹರಿಸಿ ಎರಡು ಪದರಗಳಿವೆಯೇ ನೋಡಿ, ಇದ್ದರೆ ಬಾಟಲಿಯ ಚಿತ್ರ ಮತ್ತು ರಸೀದಿಯೊಡನೆ ಅದೇ ದಿನ ಬಂಕಿನ ದೂರು ಪುಸ್ತಕದಲ್ಲಿ ಬರೆಯಿರಿ. ರಸೀದಿ ಇಲ್ಲದ ದೂರು ನಿಲ್ಲುವುದು ಕಷ್ಟ, ಆದ್ದರಿಂದ ಮಳೆಗಾಲದಲ್ಲಾದರೂ ಪ್ರತಿ ಸಲ ರಸೀದಿ ಕೇಳಿ ಪಡೆಯಿರಿ.